ಬೆಕ್ಕಿಗೆ ಹುಳುಕಡ್ಡಿ, ಮನೆಗೆಲ್ಲ ಮದ್ದು

ಬೆಂಗಳೂರಿನ ಗರುಡಾಚಾರ್‌ಪಾಳ್ಯಕ್ಕೆ 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂತು. ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುವವರು ಇಲ್ಲಿ ಬಾಡಿಗೆಗೆ ಹಿಡಿಯುವ ಸಣ್ಣ ಮನೆಗಳಲ್ಲಿ ನಾಯಿ ಸಾಕುವುದು ಕಷ್ಟ. ಬೆಳಗ್ಗೆ ಸಂಜೆ ವಾಕಿಂಗ್ ಕೇಳದ ಬೆಕ್ಕೇ ಅನುಕೂಲ. ಉದ್ದ ಕೂದಲಿನ ಪರ್ಷಿಯನ್ ಮರಿಯಾದರಂತೂ ಕೆಳಗಿಳಿಸಲು ಮನಸ್ಸೇ ಬರುವುದಿಲ್ಲ. ಹುಳುಕಡ್ಡಿ ತಗಲುವುದೂ ಮರಿಗಳಿಗೆ ಮತ್ತು ಈ ತಳಿಗೇ ಹೆಚ್ಚು.

ಇದಕ್ಕೆ ಕಾರಣ ಶಿಲೀಂಧ್ರ. ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕ್ರೊಸ್ಪೋರಮ್ ಕ್ಯಾನಿಸ್. ಕಿವಿ, ಮುಖ, ಮುಂಗಾಲುಗಳಲ್ಲಿ ಕೂದಲು ಉದುರಿ ಹೊಟ್ಟು ಏಳುತ್ತದೆ. ಸೋಂಕು ತಗಲಿ ಒಂದರಿಂದ ಮೂರು ವಾರದವರೆಗೆ ಏನೂ ಕಾಣದು. ಕೆಲವು ಬೆಕ್ಕುಗಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ, ಆದರೂ ಕೂದಲಿನ ಜೊತೆ ಬೀಜಕಣಗಳನ್ನು ಉದುರಿಸುತ್ತಲೇ ಇರುತ್ತವೆ.

ಹಾಗಾಗಿ ಎಷ್ಟೋ ಸಲ ಮೊದಲ ಗುರುತು ಸಿಗುವುದು ಮನೆಯವರ ಮೈಮೇಲೆ: ಬೆಕ್ಕನ್ನು ಎತ್ತಿಕೊಳ್ಳುವ ತೋಳು, ಕತ್ತಿನಲ್ಲಿ ಕೆಂಪು ಉಂಗುರ, ತುರಿಕೆ. ಮೆಡಿಕಲ್ ಶಾಪ್‌ನಿಂದ ಸ್ಟೀರಾಯ್ಡ್ ಬೆರೆತ ಟ್ಯೂಬ್ ತಂದು ಹಚ್ಚಿದರೆ ತುರಿಕೆ ತಗ್ಗುತ್ತದೆ, ಶಿಲೀಂಧ್ರ ಹರಡುತ್ತದೆ. ಅದೇ ಟ್ಯೂಬನ್ನು ಬೆಕ್ಕಿಗೆ ಹಚ್ಚಿದರೆ ಅದು ನೆಕ್ಕಿಬಿಡುತ್ತದೆ. ಹಾಗೆಂದು ಎಲ್ಲಕ್ಕೂ ಬೆಕ್ಕನ್ನೇ ದೂರುವಂತಿಲ್ಲ. ಮನುಷ್ಯರಿಂದ ಮನುಷ್ಯರಿಗೆ ದಾಟುವ ಬೇರೆ ಜಾತಿಯ ಹುಳುಕಡ್ಡಿ ನಮ್ಮಲ್ಲಿ ಧಾರಾಳವಾಗಿದೆ.

ಪತ್ತೆ ಹಚ್ಚುವ ರೀತಿ ಕುತೂಹಲಕರ. ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್‌ನ ನೇರಳಾತೀತ ಬೆಳಕು ಬಿಟ್ಟರೆ ಸೋಂಕಿತ ಕೂದಲು ಎಳೆ ಹಸಿರಾಗಿ ಹೊಳೆಯುತ್ತದೆ. ಹೊಳೆಯದಿದ್ದರೆ ರೋಗವಿಲ್ಲ ಎಂದೇನೂ ಅಲ್ಲ. ಆಗ ಹೊಸ ಟೂತ್‌ಬ್ರಷ್‌ನಿಂದ ಮೈಯೆಲ್ಲ ಬಾಚಿ, ಬ್ರಷ್‌ನ ಎಳೆಗಳನ್ನು ಹಳದಿ ಕಲ್ಚರ್ ತಟ್ಟೆಗೆ ಒತ್ತುತ್ತಾರೆ. ದಿನಗಳೆದಂತೆ ಬಿಳಿ ಬೂಸ್ಟು ಎದ್ದು, ಹಳದಿ ಕೆಂಪಾದರೆ ಅನುಮಾನ ಬಲವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸುತ್ತಾರೆ. ಹತ್ತಿರದ ಕ್ಲಿನಿಕ್‌ನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ, 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜು ಹೊರವರ್ತುಲ ರಸ್ತೆ ಹಿಡಿದರೆ ಸಿಗುವ ಹೆಬ್ಬಾಳದಲ್ಲಿದೆ.

ಚಿಕಿತ್ಸೆಗೆ ಇಟ್ರಕೊನಜೋಲ್ ಔಷಧಿಯನ್ನು ಸಾಮಾನ್ಯವಾಗಿ ಒಂದು ವಾರ ಕೊಟ್ಟು ಒಂದು ವಾರ ಬಿಡುತ್ತಾರೆ. ಪ್ರಮಾಣ ವೈದ್ಯರೇ ಹೇಳಬೇಕು. ಜೊತೆಗೆ ವಾರಕ್ಕೆರಡು ಸಲ ಗಂಧಕದ ದ್ರಾವಣದ ಸ್ನಾನ. ಕೊಳೆತ ಮೊಟ್ಟೆಯ ಆ ವಾಸನೆಗೆ ಬೆಕ್ಕಿಗಿಂತ ಮನೆಯವರೇ ಹೆಚ್ಚು ಮುಖ ಸಿಂಡರಿಸುತ್ತಾರೆ.

ಕಷ್ಟವಿರುವುದು ಮನೆಯಲ್ಲಿ. ಉದುರಿದ ಕೂದಲಿನ ಬೀಜಕಣಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲವು. ಹಾಸಿಗೆ ಬಟ್ಟೆ ಒಗೆಯಬೇಕು, ಸೋಫಾಗೆ ವ್ಯಾಕ್ಯೂಮ್ ಹಾಕಬೇಕು, ನೆಲದ ಕೂದಲು ಗುಡಿಸಿ ಸೋಪು ನೀರಲ್ಲಿ ತೊಳೆದು ಆಮೇಲೆ ತೆಳು ಬ್ಲೀಚ್ ನೀರಿನಲ್ಲಿ ಒರೆಸಬೇಕು. ರೂಢಿಯ ಫಿನೈಲ್ ಮಾತ್ರ ಬೇಡವೇ ಬೇಡ, ಅದು ಬೆಕ್ಕಿಗೆ ವಿಷ. ಚಿಕಿತ್ಸೆ ಮುಗಿಯುವತನಕ ಬೆಕ್ಕನ್ನು ಸುಲಭವಾಗಿ ತೊಳೆಯಬಹುದಾದ ಒಂದೇ ಕೋಣೆಯಲ್ಲಿ ಇಡುವುದು ಲೇಸು. ಆದರೆ ಆಟ, ಒಡನಾಟ ತಪ್ಪಿಸಬಾರದು, ಮರಿಗಳಿಗೆ ಅದು ಬೆಳೆಯುವ ವಯಸ್ಸು. ಕೂದಲು ಮತ್ತೆ ಬಂತೆಂದು ಮದ್ದು ನಿಲ್ಲಿಸುವಂತಿಲ್ಲ. ಮತ್ತೆ ಬ್ರಷ್ ಒತ್ತಿದ ತಟ್ಟೆಯಲ್ಲಿ ಏನೂ ಬೆಳೆಯದಿದ್ದರೆ ಮಾತ್ರ ವೈದ್ಯರು ಕೋಣೆಯ ಬಾಗಿಲು ತೆಗೆಯಲು ಒಪ್ಪುತ್ತಾರೆ.