ಮರಿಮೊಲಕ್ಕೆ ಮೊದಲು ಹುಲ್ಲು

ತಾಯಿಮೊಲ ಮರಿಗಳಿಗೆ ಹಾಲೂಡಿಸುವುದು ಸಾಮಾನ್ಯವಾಗಿ ದಿನಕ್ಕೆ ಒಂದೇ ಬಾರಿ, ಅದೂ ಮೂರರಿಂದ ಐದು ನಿಮಿಷ. ಉಳಿದ ಹೊತ್ತೆಲ್ಲ ಅದು ಗೂಡಿನಿಂದ ದೂರ. ಇದನ್ನು ತಿಳಿಯದವರು ತಾಯಿ ಮರಿಗಳನ್ನು ಬಿಟ್ಟೇಬಿಟ್ಟಿತೆಂದು ಗಾಬರಿಯಾಗಿ ಹಸುವಿನ ಹಾಲು ಹನಿಸಲು ಹೊರಡುತ್ತಾರೆ. ಮರಿಯ ಮೈ ಬೆಚ್ಚಗಿದ್ದು ಹೊಟ್ಟೆ ದುಂಡಗೆ ತುಂಬಿದ್ದರೆ ಅದಕ್ಕೆ ಹಾಲು ಸಿಕ್ಕಿದೆ. ಸುಮ್ಮನೆ ಬಿಡುವುದೇ ಒಳಿತು.

ಮೂರನೇ ವಾರದ ಹೊತ್ತಿಗೆ ಮರಿ ಹುಲ್ಲು ಮೆಲ್ಲಲು ಕಲಿಯುತ್ತದೆ. ಹಾಲು ಪೂರ್ತಿ ಬಿಡುವುದು ಆರರಿಂದ ಎಂಟು ವಾರಕ್ಕೆ. ಆದರೆ ಅಂಗೈಯಲ್ಲಿ ಕೂರುವಷ್ಟು ಪುಟ್ಟ ಮರಿಗೇ ಗಿರಾಕಿ ಹೆಚ್ಚೆಂದು ನಾಲ್ಕೈದು ವಾರದ್ದನ್ನೇ ತಾಯಿಯಿಂದ ಬೇರ್ಪಡಿಸಿ ಮಾರುವುದುಂಟು. ಇದು ಮರಿಯ ಜೀವಕ್ಕೇ ಕುತ್ತು. ಹಾಲು ಕುಡಿಯುವ ಮರಿಯ ಜಠರದಲ್ಲಿ ಆಮ್ಲ ಕಡಿಮೆ. ತಾಯಿಹಾಲಿನಿಂದ ಒದಗುವ ಕೊಬ್ಬಿನಾಮ್ಲಗಳೇ ಅಲ್ಲಿ ರೋಗಾಣುಗಳನ್ನು ತಡೆಯುತ್ತವೆ. ಆಮ್ಲ ಬಲಿಯುವ ಮುಂಚೆಯೇ ಹಾಲು ನಿಂತರೆ ಕರುಳಿಗೆ ಕಾವಲೇ ಇಲ್ಲ. ಅದರ ಮೇಲೆ ಬಿಸ್ಕತ್ತು, ಬ್ರೆಡ್ಡು, ಬಾಳೆಹಣ್ಣಿನ ಮುದ್ದು ಬೇರೆ. ಪಿಷ್ಟ, ಸಕ್ಕರೆ ಹೆಚ್ಚಾಗಿ ನಾರು ಕಡಿಮೆಯಾದಾಗ ಹತ್ತುವ ಭೇದಿ ಒಂದೆರಡು ದಿನದಲ್ಲೇ ಮರಿಯನ್ನು ಕೊಲ್ಲಬಲ್ಲದು.

ಮರಿ ಮನೆಗೆ ಬಂದಾಗ ಅದು ಈವರೆಗೆ ಏನು ತಿನ್ನುತ್ತಿತ್ತೋ ಅದನ್ನೇ ಕೊಡಬೇಕು. ಬದಲಾವಣೆ ಏನಿದ್ದರೂ ವಾರ, ಹತ್ತು ದಿನ ಹಿಡಿಯಲಿ. ಒಣಹುಲ್ಲು ಮಾತ್ರ ಹಗಲಿರುಳೂ ಮುಂದಿರಬೇಕು. ಆರೇಳು ತಿಂಗಳವರೆಗೆ ಒಣಗಿಸಿದ ಕುದುರೆಮಸಾಲೆ ಸೊಪ್ಪೂ ನಡೆಯುತ್ತದೆ, ಬೆಳೆಯುವ ಮೈಗೆ ಅದರ ಪ್ರೋಟೀನ್, ಕ್ಯಾಲ್ಸಿಯಂ ಬೇಕು. ಆಮೇಲೂ ಅದನ್ನೇ ಮುಂದುವರಿಸಿದರೆ ಹೆಚ್ಚಿನ ಕ್ಯಾಲ್ಸಿಯಂ ಮೂತ್ರಕೋಶದಲ್ಲಿ ಕೂತು ಕಾಟ ಕೊಡುತ್ತದೆ. ನಮ್ಮ ಹಿತ್ತಿಲ ಗರಿಕೆ ಒಳ್ಳೆಯ ಮೇವು, ಕಳೆನಾಶಕ ಸೋಕಿರಬಾರದು ಅಷ್ಟೆ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಕೊತ್ತಂಬರಿಯಂಥ ಹಸಿ ಸೊಪ್ಪನ್ನು ಒಂದೊಂದಾಗಿ, ಚಿಟಿಕೆಯಿಂದ ಶುರುಮಾಡಿ, ಹಿಕ್ಕೆ ಗಟ್ಟಿಯಾಗಿಯೇ ಇದೆಯೇ ಎಂದು ನೋಡಿ ಮುಂದುವರಿಯಬೇಕು.

ಹುಲ್ಲಿನ ಕೆಲಸ ಹೊಟ್ಟೆಗಷ್ಟೇ ಮುಗಿಯುವುದಿಲ್ಲ. ಮೊಲದ 28 ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಗಂಟೆಗಟ್ಟಲೆ ಹುಲ್ಲು ಅರೆದರಷ್ಟೇ ಅವು ಸವೆಯುವುದು. ಕ್ಯಾರೆಟ್ಟಿನ ಮೋಹ ಹಬ್ಬಿಸಿದ್ದರಲ್ಲಿ 1940ರಲ್ಲಿ ತೆರೆಗೆ ಬಂದ ಕಾರ್ಟೂನ್ ಮೊಲ ಬಗ್ಸ್ ಬನ್ನಿಯ ಪಾಲು ದೊಡ್ಡದು. ಸಕ್ಕರೆ ತುಂಬಿದ ಆ ಗಡ್ಡೆ ಅಪರೂಪಕ್ಕೊಂದು ತುಣುಕು ಸಾಕು.

ಮರಿ ತನ್ನ ಹಿಕ್ಕೆಯನ್ನು ತಾನೇ ತಿನ್ನುವುದು ಕಂಡು ಮನೆಯವರು ಮುಖ ಸಿಂಡರಿಸುವುದುಂಟು. ಅದನ್ನು ತಡೆಯಬಾರದು. ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡ ಆ ಮೆತ್ತನೆಯ ಹಿಕ್ಕೆಯಲ್ಲಿ ಬಿ ಗುಂಪಿನ ಜೀವಸತ್ವಗಳೂ ಪ್ರೋಟೀನೂ ಇವೆ.

ಮೊಲಕ್ಕೆ ವಾಂತಿ ಮಾಡಲಾಗದು. ಅರ್ಧ ದಿನ ಮೇವು ಮುಟ್ಟದೆ, ಹಿಕ್ಕೆಯನ್ನೂ ಹಾಕದೆ ಮುದುಡಿ ಕೂತರೆ ಬೆಳಗಾಗಲೆಂದು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕುಡಿಸುವ ಸಾಹಸವಂತೂ ಬೇಡವೇ ಬೇಡ. ಬಾಯಿಯ ಮೂಲಕ ಕೊಟ್ಟ ಆ ಔಷಧಿ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೇ ಅಳಿಸಿ ಮೊಲದ ಪ್ರಾಣ ತೆಗೆಯಬಹುದು.