ಕರಡಿಯ ಬಾಯಿಗೆ ಮೀನು ಹಾರುವ ಹೊತ್ತು

ಅಲಾಸ್ಕಾದ ಕಾಟ್ಮೈ ರಾಷ್ಟ್ರೀಯ ಉದ್ಯಾನದಲ್ಲಿ ಬ್ರೂಕ್ಸ್ ಎಂಬ ಪುಟ್ಟ ನದಿಯಿದೆ. ಎರಡು ಸರೋವರಗಳನ್ನು ಸೇರಿಸುವ ಅದರ ಉದ್ದ ಸುಮಾರು ಎರಡೂವರೆ ಕಿಲೋಮೀಟರ್, ನಡುವೆ ಆಳೆತ್ತರದ ಒಂದು ಜಲಪಾತ. 1988ರಲ್ಲಿ ಥಾಮಸ್ ಮ್ಯಾಂಗಲ್ಸನ್ ಇಲ್ಲಿ ತೆಗೆದ ಚಿತ್ರ ಜಗತ್ತೆಲ್ಲ ಸುತ್ತಿದೆ: ಜಲಪಾತದ ನೆತ್ತಿಯ ಮೇಲೆ ನಿಂತ ಕಂದು ಕರಡಿ, ಅದರ ತೆರೆದ ಬಾಯಿಗೆ ನೇರವಾಗಿ ಹಾರಿ ಬರುತ್ತಿರುವ ಸಾಲ್ಮನ್ ಮೀನು. ಅದು ಫಿಲ್ಮ್ ಕಾಲ. ಆ ಕ್ಷಣ ಸೆರೆಯಾಗಿದೆ ಎಂದು ಅವರಿಗೆ ಖಚಿತವಾದದ್ದು ರೀಲು ತೊಳೆಸಿದ ಮೇಲೆ. ಇದನ್ನು ಬರೀ ಅದೃಷ್ಟ ಎಂದುಬಿಡುವುದು ತಪ್ಪು. ಇಂಥದೇ ಚಿತ್ರ ಬೇಕೆಂದು ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡು, ಕರಡಿಯ ತಲೆಯತ್ತಲೇ ಕ್ಯಾಮೆರಾ ನೆಟ್ಟು ಕಾದವರು ಅವರು.

ಸಮುದ್ರದಲ್ಲಿ ಬೆಳೆದ ಸಾಕ್‌ಐ ಸಾಲ್ಮನ್‌ಗಳು ಹುಟ್ಟಿದ ನೀರಿನ ವಾಸನೆ ಹಿಡಿದು, ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಬರುತ್ತವೆ. ಜುಲೈನಲ್ಲಿ ಜಲಪಾತ ಅವುಗಳ ದಾರಿಗೆ ಅಡ್ಡ ನಿಲ್ಲುತ್ತದೆ. ಹಾರದೆ ಬೇರೆ ದಾರಿಯಿಲ್ಲ. ಇದು ಕರಡಿಗಳಿಗೆ ಚೆನ್ನಾಗಿ ಗೊತ್ತು, ಆದರೆ ಎಲ್ಲವೂ ಒಂದೇ ರೀತಿ ಹಿಡಿಯುವುದಿಲ್ಲ. ಕೆಲವು ನೆತ್ತಿಯ ಮೇಲೆ ನಿಂತು ಕಾಯುತ್ತವೆ. ಕೆಲವು ಕೆಳಗಿನ ನೊರೆಮಡುವಿನಲ್ಲಿ ಕುಳಿತು, ಮೈಗೆ ತಾಗಿದ ಮೀನನ್ನು ಪಂಜದಿಂದ ಒತ್ತಿ ಹಿಡಿಯುತ್ತವೆ. ನೀರೊಳಗೆ ಮುಖ ಮುಳುಗಿಸಿ ಹುಡುಕುವವು ಉಂಟು, ಇನ್ನೊಂದು ಹಿಡಿದದ್ದನ್ನು ಕಸಿದುಕೊಳ್ಳುವವೂ ಉಂಟು. ಒಳ್ಳೆಯ ಜಾಗಗಳು ಸಾಮಾನ್ಯವಾಗಿ ದೊಡ್ಡ ಗಂಡುಗಳ ಪಾಲು. ಯಾವ ಕರಡಿಯದು ಯಾವ ವರಸೆ ಎಂದು ನೋಡಿಕೊಳ್ಳದೆ ಲೆನ್ಸ್ ತಿರುಗಿಸುತ್ತ ಹೋದರೆ ಕೈಗೆ ಸಿಗುವುದು ನೊರೆ ಮಾತ್ರ.

ಮೀನು ಗಾಳಿಯಲ್ಲಿರುವುದು ಒಂದು ಸೆಕೆಂಡಿಗೂ ಕಡಿಮೆ. ಕಂಡ ಮೇಲೆ ಬೆರಳು ಒತ್ತುವಷ್ಟರಲ್ಲಿ ಕಾಲು ಸೆಕೆಂಡು ಕಳೆದಿರುತ್ತದೆ. ಹಾಗಾಗಿ ಷಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಥವಾ ಅದಕ್ಕಿಂತ ಚುರುಕಾಗಿದ್ದರೂ ಸಾಲದು, ಫೋಕಸ್ ಮೊದಲೇ ಸಿದ್ಧವಿರಬೇಕು. ಗುಂಡಿ ಒತ್ತುವ ಮುಂಚಿನ ಕೆಲವು ಫ್ರೇಮುಗಳನ್ನೂ ಉಳಿಸಿಕೊಡುವ ಹೊಸ ಕ್ಯಾಮೆರಾಗಳು ಇಲ್ಲಿ ನಿಜಕ್ಕೂ ಉಪಕಾರಿ. ಬೆಳಕಿನದು ಇನ್ನೊಂದು ತಲೆನೋವು. ಬಿಳಿ ನೊರೆಯನ್ನು ನೋಡಿ ಮೀಟರ್ ಎಕ್ಸ್‌ಪೋಷರ್ ತಗ್ಗಿಸುತ್ತದೆ, ಒದ್ದೆ ತುಪ್ಪಳದ ಕರಡಿ ಕಪ್ಪು ಮುದ್ದೆಯಾಗುತ್ತದೆ. ಪೋಲರೈಸರ್ ಫಿಲ್ಟರ್ ಹಾಕಿದರೆ ನೀರಿನ ಹೊಳಪು ಕಡಿಮೆಯಾಗಿ ಅಡಿಯಲ್ಲಿರುವ ಮೀನುಗಳು ಕಾಣುತ್ತವೆ. ಆದರೆ ಅದು ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತದೆ.

ಹಿಡಿಯುವ ಕ್ಷಣದಷ್ಟೇ ತಿನ್ನುವುದನ್ನೂ ನೋಡಬೇಕು. ಮೀನು ಯಥೇಚ್ಛವಾಗಿದ್ದಾಗ ಕರಡಿ ಅದನ್ನು ಪಂಜದಡಿ ಅದುಮಿ, ಹಲ್ಲಿನಿಂದ ಚರ್ಮ ಸುಲಿದು, ಮಿದುಳು ಮತ್ತು ಮೊಟ್ಟೆಗಳನ್ನು ತಿಂದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಅದು ಕಡಲಹಕ್ಕಿಗಳ ಪಾಲು. ಪೋಲು ಮಾಡುತ್ತಿದೆ ಎನಿಸಬಹುದು. ಆದರೆ ಕೊಬ್ಬು ಹೆಚ್ಚಿರುವುದೇ ಆ ಭಾಗಗಳಲ್ಲಿ. ತಿಂಗಳುಗಟ್ಟಲೆ ಉಣ್ಣದೆ ಗುಹೆಯಲ್ಲಿ ಮಲಗುವ ಪ್ರಾಣಿ ಚಳಿಗಾಲದಲ್ಲಿ ಮೈತೂಕದ ಮೂರನೇ ಒಂದರಷ್ಟನ್ನು ಕಳೆದುಕೊಳ್ಳಬಹುದು. ಶರತ್ಕಾಲಕ್ಕೆ ದೊಡ್ಡ ಗಂಡೊಂದು 450 ಕಿಲೋ ದಾಟುವುದು ಇದಕ್ಕಾಗಿಯೇ.

ಆದ್ದರಿಂದ ಮೀನು ಹಿಡಿಯುತ್ತಿರುವ ಕರಡಿಯನ್ನು ನಾವು ಹತ್ತಿರ ಹೋಗಿ ಜಾಗದಿಂದ ಎಬ್ಬಿಸಿದರೆ ಕಿತ್ತುಕೊಳ್ಳುವುದು ಅದರ ಚಳಿಗಾಲದ ಬುತ್ತಿಯನ್ನೇ. ಕಾಟ್ಮೈಯಲ್ಲಿ ಸುಮಾರು 45 ಮೀಟರ್ ದೂರವಿರಬೇಕೆಂಬ ನಿಯಮವಿದೆ. ಜಲಪಾತದ ಚಿತ್ರಗಳನ್ನು ಮರದ ಅಟ್ಟಣಿಗೆಯ ಮೇಲಿಂದ ತೆಗೆಯಬೇಕು, ಅಲ್ಲಿಗೆ ತಿಂಡಿ ಒಯ್ಯುವಂತಿಲ್ಲ. ಗಾಳ ಹಾಕುವವರು ಮೀನು ಸಿಕ್ಕ ಹೊತ್ತಿಗೆ ಕರಡಿ ಸಮೀಪಿಸಿದರೆ ದಾರವನ್ನೇ ಕತ್ತರಿಸಬೇಕು. ಮನುಷ್ಯನೆಂದರೆ ಸುಲಭದ ಊಟ ಎಂದು ಕರಡಿ ಒಮ್ಮೆ ಕಲಿತರೆ ಮರೆಯುವುದಿಲ್ಲ.

ಛಾಯಾಗ್ರಾಹಕರು ಮುಗಿಬೀಳುವುದು ಜುಲೈ ತಿಂಗಳಿಗೆ. ಸೆಪ್ಟೆಂಬರ್ ನನಗೆ ಹೆಚ್ಚು ಇಷ್ಟ. ಕಡಲಿನಲ್ಲಿ ಬೆಳ್ಳಿಬಣ್ಣದ್ದಾಗಿದ್ದ ಸಾಲ್ಮನ್ ಅಷ್ಟರಲ್ಲಿ ಕೆಂಪಾಗಿರುತ್ತದೆ. ಅದು ತಿಂದ ಸಣ್ಣ ಜಲಜೀವಿಗಳಿಂದ ಬಂದ ಕೆಂಬಣ್ಣ ಮಾಂಸದಿಂದ ಚರ್ಮಕ್ಕೆ ಸರಿದಿರುತ್ತದೆ. ಮೊಟ್ಟೆಯಿಟ್ಟು ಸೋತ ಮೀನುಗಳು ನದಿಯ ಕೆಳಭಾಗಕ್ಕೆ ತೇಲಿ ಬರುತ್ತವೆ, ಹೊಟ್ಟೆ ನೆಲಕ್ಕೆ ತಾಗುವಷ್ಟು ಕೊಬ್ಬಿದ ಕರಡಿಗಳು ಅವಸರವಿಲ್ಲದೆ ಅವನ್ನು ಹೆಕ್ಕುತ್ತವೆ. ಹಾರುವ ಮೀನಿಲ್ಲ, ನೊರೆಯಿಲ್ಲ. ಆದರೂ ಬೇಸಿಗೆಯೆಲ್ಲ ಕರಡಿ ಯಾತಕ್ಕಾಗಿ ದುಡಿಯಿತು ಎಂಬುದು ಆ ಚಿತ್ರದಲ್ಲಿ ಎದ್ದು ಕಾಣುತ್ತದೆ.