ಆರಿದ್ರೆಗೆ ಎಷ್ಟು ಜ್ವರ?

ಬಾಳೆಹೊನ್ನೂರಿನಲ್ಲಿ ಆರಿದ್ರಾ ಎಂದರೆ ಮೊದಲು ಮಳೆ, ಆಮೇಲೆ ನಕ್ಷತ್ರ. ಜೂನ್ ಕೊನೆಯಲ್ಲಿ ಭದ್ರಾ ಹೊಳೆ ಕೆಂಪಾಗುವ ಹೊತ್ತಿಗೆ ಸೂರ್ಯ ಆ ನಕ್ಷತ್ರದ ಆಸುಪಾಸಿನಲ್ಲೇ ಇರುವುದರಿಂದ, ಮೋಡ ಸರಿದರೂ ಅದು ಕಣ್ಣಿಗೆ ಬೀಳದು. ನೋಡಬೇಕೆಂದರೆ ಜನವರಿಯ ರಾತ್ರಿ ಕಾಫಿ ಕಣದಲ್ಲಿ ನಿಲ್ಲಬೇಕು. ಮಹಾವ್ಯಾಧ ನಕ್ಷತ್ರಪುಂಜದ ಹೆಗಲಲ್ಲಿ ಕೆಂಡದ ಬಣ್ಣದ ಆರಿದ್ರೆ, ಕಾಲ ಬಳಿ ನೀಲಿ ಬಿಳುಪಿನ ರೈಜೆಲ್.

ಎರಡರಲ್ಲಿ ಯಾವುದಕ್ಕೆ ಕಾವು ಹೆಚ್ಚೆಂದು ಕತ್ತಿ ತಟ್ಟುವ ಆಚಾರಿಯನ್ನು ಕೇಳಿದರೂ ಸಾಕು. ಕುಲುಮೆಯ ಕಬ್ಬಿಣ ಮೊದಲು ಕೆಂಪು, ಆಮೇಲೆ ಹಳದಿ, ಕೊನೆಗೆ ಬಿಳಿ. ಈ ಕಣ್ಣಂದಾಜಿಗೆ 1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ವೀನ್ ಲೆಕ್ಕ ಕೊಟ್ಟರು: ಬೆಳಕು ಅತಿ ಪ್ರಖರವಾಗಿರುವ ತರಂಗಾಂತರ ಎಷ್ಟು ನ್ಯಾನೊಮೀಟರ್ ಎಂದು ನೋಡಿ, ಸುಮಾರು 29 ಲಕ್ಷವನ್ನು ಅದರಿಂದ ಭಾಗಿಸಿ. ಸೂರ್ಯನಿಗೆ 500, ಉತ್ತರ 5,800 ಕೆಲ್ವಿನ್.

ಆದರೆ ಬಣ್ಣ ಮೋಸ ಮಾಡುತ್ತದೆ. ಸಂಜೆಯ ಸೂರ್ಯ ಕೆಂಪಾಗುವುದು ತಣ್ಣಗಾಗಿ ಅಲ್ಲವಲ್ಲ! ಹೆಚ್ಚು ನಂಬಬಹುದಾದ ಸಾಕ್ಷಿ ರೋಹಿತದೊಳಗಿನ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನೊಳಗಿನ, ಕಪ್ಪು ಗೆರೆಗಳು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಜಲಜನಕದ ಗೆರೆ ದಟ್ಟವಾಗಿದ್ದ ನಕ್ಷತ್ರಗಳಿಗೆ ಎ, ನಂತರದವಕ್ಕೆ ಬಿ ಎಂದು ಹೆಸರಿಡುತ್ತಿದ್ದರು. 1901ರಲ್ಲಿ ಆ್ಯನಿ ಜಂಪ್ ಕ್ಯಾನನ್ ಅದನ್ನೇ ಒ, ಬಿ, ಎ, ಎಫ್, ಜಿ, ಕೆ, ಎಂ ಎಂದು ಕಲಸಿ ಜೋಡಿಸಿದರು. ಅಕ್ಷರಮಾಲೆ ಕೆಟ್ಟಿತು, ಕಾವಿನ ಕ್ರಮ ಸಿಕ್ಕಿತು.

ಕಾರಣ ತಿಳಿದದ್ದು 1920ರಲ್ಲಿ, ಮೇಘನಾದ ಸಹಾ ಅವರ ಸಮೀಕರಣದಿಂದ. ಹಸಿ ಕಾಫಿ ಬೀಜಕ್ಕೆ ಘಮವಿಲ್ಲ, ಸೀದು ಕರಕಲಾದರೂ ಇಲ್ಲ. ನಡುವಿನ ಹದದಲ್ಲಿ ಮನೆಯೆಲ್ಲ ಘಮಘಮ. ಜಲಜನಕದ ಗೆರೆಯೂ ಹಾಗೆ: 10,000 ಕೆಲ್ವಿನ್ ಸುಮಾರಿಗೆ ದಟ್ಟ. ಅದಕ್ಕಿಂತ ತಣ್ಣಗಿದ್ದರೆ ಪರಮಾಣು ಎಚ್ಚೆತ್ತಿರುವುದಿಲ್ಲ, ಬಿಸಿಯಾದರೆ ಎಲೆಕ್ಟ್ರಾನನ್ನೇ ಕಳೆದುಕೊಂಡಿರುತ್ತದೆ. ಘಮ ಬರದಿದ್ದರೆ ಬೀಜವೇ ಇಲ್ಲವೆಂದಲ್ಲ. ಸಹಾ ಸಮೀಕರಣವನ್ನು ಹಿಡಿದೇ ಸೆಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳ ಕಾವನ್ನು ಸಾಲಾಗಿ ಲೆಕ್ಕ ಹಾಕಿದರು. ನಕ್ಷತ್ರಗಳ ತುಂಬ ಜಲಜನಕವೇ ಎಂಬುದೂ ಆಗ ಕಂಡಿತು. ಹಿರಿಯ ವಿಜ್ಞಾನಿ ರಸೆಲ್ ಒಪ್ಪಲಿಲ್ಲ, ಪೇನ್ ತಮ್ಮ ಉತ್ತರವನ್ನೇ ಅನುಮಾನಿಸಿ ಬರೆಯಬೇಕಾಯಿತು. ನಾಲ್ಕು ವರ್ಷದ ನಂತರ ರಸೆಲ್ ಅವರೇ ಒಪ್ಪಿದರು.

ಇಂದು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸಿ ಇಂಥ ರೋಹಿತ ಹಿಡಿಯುತ್ತಾರೆ.

2019ರ ಕೊನೆಗೆ ಆರಿದ್ರೆ ಇದ್ದಕ್ಕಿದ್ದಂತೆ ಮಂಕಾಯಿತು. ತಣ್ಣಗಾಯಿತೆ? ಅದರ ರೋಹಿತದಲ್ಲಿ ಟೈಟಾನಿಯಂ ಆಕ್ಸೈಡಿನ ಪಟ್ಟಿಗಳಿವೆ. ಕಾವು ಇಳಿದಷ್ಟೂ ಅವು ಗಾಢವಾಗುತ್ತವೆ. 2020ರ ಫೆಬ್ರುವರಿಯಲ್ಲಿ ಎಮಿಲಿ ಲೆವೆಸ್ಕ್, ಫಿಲಿಪ್ ಮ್ಯಾಸಿ ಅವನ್ನು ಅಳೆದಾಗ ಬಂದದ್ದು 3,600 ಕೆಲ್ವಿನ್. 2004ರಲ್ಲಿ 3,650 ಇತ್ತು. ಅಷ್ಟು ಮಂಕಾಗಲು ಆ ಐವತ್ತು ಸಾಲದು. ನಡುವೆ ದೂಳು ಎದ್ದಿರಬೇಕು ಎಂದರು.